ಬಾಲದ ತುದಿಯ ಬೂದು ಪಟ್ಟಿ

ಇವತ್ತು ಬೆಳಿಗ್ಗೆ ಕಡಲೆಬೇಳೆ ಪಾಯಸಕ್ಕೆ ಜಾಯಿಕಾಯಿ ತುರಿಯುತ್ತಿದ್ದೆ. ಆ ಪರಿಮಳ ಮೂಗಿಗೆ ಬಡಿದದ್ದೇ ತಡ, ಇಲ್ಲಿ ನ್ಯೂಜೆರ್ಸಿಯ ಮನ್ರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು...

ಭಾನುವಾರದ ಕನ್ನಡ ಶಾಲೆಯ ಗೋಡೆಗೆಂದು ಅವರು ಎರಡು ಕಾಡುಪಾರಿವಾಳಗಳ ಚಿತ್ರ ಬರೆದುಕೊಟ್ಟಿದ್ದರು. ಎರಡೂ ನಮ್ಮ ಘಟ್ಟದ ಹಕ್ಕಿಗಳು; ಕಾಡು ಜಾಯಿಕಾಯಿಯನ್ನು ಇಡಿಯಾಗಿ ನುಂಗಿ ಬೀಜವನ್ನು ಇನ್ನೆಲ್ಲೋ ಉದುರಿಸುವಂಥವು. ಒಂದರ ಬೆನ್ನು ಹಸಿರು, ಬಾಲ ಕೊನೆಯವರೆಗೂ ಒಂದೇ ಬಣ್ಣ. ಇನ್ನೊಂದು ಬೆಟ್ಟದ್ದು, ಬೆನ್ನು ಕಂದು, ಬಾಲದ ತುದಿಗೆ ಬೂದು ಪಟ್ಟಿ. ಆಂಟಿ ಆ ಪಟ್ಟಿಯನ್ನು ಹಸಿರು ಹಕ್ಕಿಗೆ ಬಳಿದುಬಿಟ್ಟಿದ್ದರು. ತಪ್ಪು ಅವರಿಗೇ ಹೊಳೆಯುವ ಹೊತ್ತಿಗೆ ಕಣ್ಣು ಮಂಜಾಗತೊಡಗಿತ್ತು. ಇನ್ನು ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

"ಬಿಡಿ ಆಂಟಿ, ನ್ಯೂಜೆರ್ಸಿಲಿ ಕೂತ್ಕೊಂಡು ಪಾರಿವಾಳದ ಬಾಲ ಯಾರು ನೋಡ್ತಾರೆ?" ಎಂದೆ.

ಕೆಂಡವಾದರು. "ನೋಡೋರಿಲ್ಲ ಅಂತ ತಪ್ಪು ಬರೆಯೋದಾ? ಪೂರ್ತಿ ಕಣ್ಣು ಹೋಗೋದ್ರೊಳಗೆ ಇದನ್ನ ತಿದ್ದೇ ತಿದ್ತೀನಿ. ಶನಿವಾರ ಬಾ ನೀನು."

ಹೋದೆ. ಹೋಗದಿದ್ದರೆ ಫೋನಿನ ಮೇಲೆ ಫೋನು! ಹೊಸ ಕ್ಯಾನ್ವಾಸಿನ ಮೇಲೆ ಎರಡೂ ಹಕ್ಕಿ ಮೊದಲಿನಿಂದ ಶುರುವಾದವು. ನಾನು ಐಪ್ಯಾಡಿನಲ್ಲಿ ಫೋಟೋ ದೊಡ್ಡದು ಮಾಡಿಕೊಂಡು ಹೇಳಬೇಕು, ಅವರು ಬರೆಯಬೇಕು. ಬರೀ ಹಸಿರು ಎಂದರೆ ಸಾಲದು. "ಯಾವ ಹಸಿರು? ಬಾಳೆ ಎಲೇದೋ, ಕರಿಬೇವಿಂದೋ?" ಹೊರಗೆ ಸ್ನೋ ಬಿದ್ದು ಕರಗಿತು, ಬೆಟ್ಟದ ಹಕ್ಕಿಯ ಬೆನ್ನು ಇನ್ನೂ ಮುಗಿದಿರಲಿಲ್ಲ. ನನಗೆ ಸಾಕುಸಾಕಾಗಿತ್ತು, ಅವರಿಗಲ್ಲ.

ಕೊನೆಗೆ ಉಳಿದದ್ದು ಆ ಪಟ್ಟಿ. ಅಷ್ಟರಲ್ಲಿ ಆಂಟಿಗೆ ಕುಂಚದ ತುದಿಯೇ ಕಾಣುತ್ತಿರಲಿಲ್ಲ. "ನೀನೇ ಎಳಿ" ಎಂದು ಕೈಗೆ ಕೊಟ್ಟರು. ರಂಗೋಲಿ ಎಳೆಯೇ ನೆಟ್ಟಗೆ ಬರದವಳು ನಾನು. ಪಟ್ಟಿ ಸೊಟ್ಟಗಾಯಿತು, ಒಂದು ಕಡೆ ಬಣ್ಣ ಬಾಲ ದಾಟಿ ಹೊರಗೂ ಹೋಯಿತು.

"ನೆಟ್ಟಗಿದೆಯೇನೇ?"

"ನೆಟ್ಟಗಿದೆ ಆಂಟಿ."

ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ... ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಆಂಟಿ ಹೋಗಿ ಮೂರು ವರ್ಷವಾಯಿತು. ಆ ಹೊಸ ಚಿತ್ರ ಕನ್ನಡ ಶಾಲೆಯ ಗೋಡೆಯ ಮೇಲಿದೆ. ಪ್ರತಿ ಭಾನುವಾರ ಅದರ ಕೆಳಗೇ ನಿಂತು ಪಾಠ ಮಾಡುತ್ತೇನೆ. ಸೊಟ್ಟ ಪಟ್ಟಿಯನ್ನು ಇದುವರೆಗೆ ಒಂದು ಮಗುವೂ ಗಮನಿಸಿಲ್ಲ.

ಪಾಯಸ ಇಳಿಸಿದವಳೇ ಅವರು ನನಗೆಂದು ಬಿಟ್ಟುಹೋಗಿದ್ದ ಬಣ್ಣ-ಕುಂಚದ ಡಬ್ಬಿಯನ್ನು ಗ್ಯಾರೇಜಿನಿಂದ ಹುಡುಕಿ ತೆಗೆದೆ. ಬೂದು ಬಣ್ಣ ಒಣಗಿದೆ, ಹೊಸದು ತರಬೇಕು. ಈ ಭಾನುವಾರ ಮಕ್ಕಳಿಗಿಂತ ಒಂದು ಗಂಟೆ ಮೊದಲೇ ಹೋಗುತ್ತೇನೆ. ನೆಟ್ಟಗಿದೆಯೇನೇ ಎಂದು ಕೇಳಲು ಅವರಿಲ್ಲ. ಆದರೂ ನೆಟ್ಟಗೇ ಎಳೆಯುತ್ತೇನೆ.