ಗಡಿಯಾರದ ಬೆನ್ನಿನ ಅಕ್ಷರಗಳು

ಯುಗಾದಿ ಊಟದ ದಿನ, ಪಂಕ್ತಿ ಕುಳಿತ ಮೇಲೆ, ಎಲ್ಲರ ಕಣ್ಣೆದುರಿನಲ್ಲಿ ನನ್ನ ಕೈಯಿಂದ ಸಾರಿನ ಸೌಟನ್ನು ತೆಗೆದುಕೊಳ್ಳಲಾಯಿತು. ನನ್ನ ಎಡ ಮಣಿಕಟ್ಟಿನ ಮೇಲೆ ಕೆಂಪು ಗಂಧೆ ಎದ್ದಿತ್ತು. ಅದು ಅಂಟುರೋಗವೆಂದು ನಮ್ಮ ಕನ್ನಡ ಸಂಘದವರು ತೀರ್ಮಾನಿಸಿದ್ದರು. ಆ ಗಂಧೆಯನ್ನು ತಂದದ್ದು ಅದೇ ಸಂಘ ಸನ್ಮಾನವೆಂದು ನನ್ನ ಕೈಗೆ ಕಟ್ಟಿದ ಗಡಿಯಾರ. ನಡೆದದ್ದು ಇಷ್ಟೇ. ಇಷ್ಟನ್ನು ಈವರೆಗೆ ಯಾರೂ ಕ್ರಮವಾಗಿ ಹೇಳಿಲ್ಲವಾದ್ದರಿಂದ ನಾನು ಹೇಳಬೇಕಾಗಿದೆ.

ಬರ್ಮಿಂಗ್‌ಹ್ಯಾಮಿನ ನಮ್ಮ ಸಂಘದಲ್ಲಿ ಆಗ ಹೆಚ್ಚಿನವರು ಡಾಕ್ಟರುಗಳು ಮತ್ತು ಅವರ ಮನೆಯವರು; ಈಚೆಗೆ ಬೆಂಗಳೂರಿನಿಂದ ಬರತೊಡಗಿದ್ದ ಕಂಪ್ಯೂಟರಿನವರು ಕೆಲವರು. ನಾನು ಎರಡಕ್ಕೂ ಸೇರಿದವಳಲ್ಲ. ಲೋಹಕ್ಕೆ ಲೇಪ ಹಾಕುವ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ತಪಾಸಣೆಯ ಮೇಜಿನ ಮುಂದೆ ಕುಳಿತವಳು. ನಲ್ಲಿ, ಬಾಗಿಲ ಹಿಡಿ, ಬೆಲ್ಟಿನ ಬಕಲು, ಒಂದೊಂದನ್ನೂ ಬೆಳಕಿಗೆ ಹಿಡಿದು, ಲೇಪ ಎಲ್ಲಿ ತೆಳುವಾಗಿದೆ, ಎಲ್ಲಿ ಬಿಟ್ಟಿದೆ ಎಂದು ನೋಡುವುದು ನನ್ನ ಕೆಲಸ. ಸಂಘದ ಹೆಂಗಸರು ಹೊಸಬರಿಗೆ ನನ್ನನ್ನು ಪರಿಚಯಿಸುವಾಗ, “ಇವರು ಫ್ಯಾಕ್ಟರೀಲಿದ್ದಾರೆ,” ಎಂದು ಹೇಳಿ, ಒಡನೆಯೇ, “ಆದ್ರೆ ಸಾರು ಮಾತ್ರ ಇವರದೇ ಆಗ್ಬೇಕು,” ಎಂದು ಸೇರಿಸುತ್ತಿದ್ದರು. ಆ “ಆದ್ರೆ” ನನಗೆ ಈಗಲೂ ಕೇಳಿಸುತ್ತದೆ. ಅದೇನೇ ಇರಲಿ, ಸಾರು ಮಾಡುವುದೂ ಅದನ್ನು ಬಡಿಸುವುದೂ ಆ ಸಭೆಯಲ್ಲಿ ನನಗಿದ್ದ ಸ್ಥಾನ. ಬೇರೆ ಸ್ಥಾನವನ್ನು ನಾನು ಕೇಳಿರಲೂ ಇಲ್ಲ.

ಮಿಲೆನಿಯಂ ಗದ್ದಲವೆಲ್ಲ ಮುಗಿದ ಮರುವರ್ಷದ ದೀಪಾವಳಿಯಲ್ಲಿ ನನಗೆ ಸನ್ಮಾನವಾಯಿತು. ಶಾಲು, ಹಣ್ಣಿನ ತಟ್ಟೆ, ಬಂಗಾರದ ಬಣ್ಣದ ಕೈಗಡಿಯಾರ. ಸಂಘದ ಅಧ್ಯಕ್ಷರು, ಜಿ.ಪಿ. ಎಂದರೆ ಬಡಾವಣೆಯ ಸಾಮಾನ್ಯ ವೈದ್ಯರಾಗಿದ್ದವರು, ವೇದಿಕೆಯ ಮೇಲೆ ತಾವೇ ಅದನ್ನು ನನ್ನ ಕೈಗೆ ಕಟ್ಟಿ, “ಬಿಚ್ಚಬಾರ್ದು ಅಮ್ಮ, ಇದು ನಮ್ಮೆಲ್ಲರ ಪ್ರೀತಿ,” ಎಂದರು. ಗಡಿಯಾರದ ಬೆನ್ನಿನ ಮೇಲೆ “ನಮ್ಮ ಅನ್ನಪೂರ್ಣೆಗೆ” ಎಂದು ಕನ್ನಡದಲ್ಲಿ ಕೆತ್ತಿಸಿದ್ದರು. ಕೆತ್ತಿದವನು ಕನ್ನಡ ಅರಿಯದ ಇಂಗ್ಲಿಷರವನಂತೆ. ಕಾಗದದಲ್ಲಿ ಬರೆದುಕೊಟ್ಟ ಅಕ್ಷರಗಳನ್ನು ನೋಡಿ ನೋಡಿ, ತಪ್ಪಾದೀತೆಂಬ ಭಯಕ್ಕೆ ಒಂದೊಂದು ಗೆರೆಯನ್ನೂ ಎರಡೆರಡು ಬಾರಿ ತೀಡಿದ್ದನಂತೆ. ಅಧ್ಯಕ್ಷರ ಪತ್ನಿ ಇದನ್ನು ಬಹಳ ಅಭಿಮಾನದಿಂದ ಹೇಳಿದರು.

ಮೂರನೆಯ ವಾರಕ್ಕೆ ನವೆ ಆರಂಭವಾಯಿತು. ಮೊದಲು ಗಡಿಯಾರದ ಅಡಿಯಲ್ಲಿ ಒಂದು ಬಿಸಿ, ಆಮೇಲೆ ಕಾಸಿನಗಲದ ಕೆಂಪು, ಆಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು. ಬಸ್ಸಿನಲ್ಲಿ ಕುಳಿತರೆ ಕೆರೆತ, ತರಕಾರಿ ಹೆಚ್ಚುವಾಗ ಕೆರೆತ, ದೇವರ ಮುಂದೆ ಕೈಮುಗಿದರೆ ಒಂದು ಕೈ ಇನ್ನೊಂದನ್ನು ಕೆರೆಯುತ್ತಿತ್ತು. ಒಂದು ಕಡೆ ಎರಡು ನಿಮಿಷ ಕೂರಲಾರದವಳಾದೆ. ನಮ್ಮವರು ಪತ್ರಿಕೆಯಿಂದ ತಲೆಯೆತ್ತದೆ, “ಬಿಚ್ಚಿಡೇ ಅದನ್ನ. ಟೈಮು ಗೋಡೆ ಮೇಲೂ ಇದೆ,” ಎಂದರು.

ಬಿಚ್ಚಿಡುವುದು ಅಷ್ಟು ಸುಲಭವಾಗಿರಲಿಲ್ಲ. ಲೆಸ್ಟರಿನ ದೇವಸ್ಥಾನದಲ್ಲಿ, ಸಾಮಾನಿನ ಅಂಗಡಿಯಲ್ಲಿ, ಸಂಘದವರು ಯಾರು ಸಿಕ್ಕರೂ ಮೊದಲು ನೋಡುತ್ತಿದ್ದುದು ನನ್ನ ಮಣಿಕಟ್ಟನ್ನು. “ಎಲ್ಲಿ ಆಂಟಿ, ವಾಚ್ ಹಾಕ್ಕೊಂಡಿಲ್ಲ? ಇಷ್ಟ ಆಗ್ಲಿಲ್ವಾ?” ಎಂದು ಒಬ್ಬಾಕೆ ಕೊತ್ತಂಬರಿ ಸೊಪ್ಪಿನ ಬುಟ್ಟಿಯ ಮುಂದೆ ನಿಲ್ಲಿಸಿ ಕೇಳಿದಳು. ಅಂದಿನಿಂದ ಹೊರಗೆ ಹೋಗುವಾಗಲೆಲ್ಲ ಕಟ್ಟಿದೆ. ನನ್ನ ಜಿ.ಪಿ. ಗಡಿಯಾರವನ್ನು ನೋಡಲಿಲ್ಲ, ಕೈಯನ್ನಷ್ಟೇ ನೋಡಿ, ಎಕ್ಸಿಮಾ ಎಂದು ಮುಲಾಮು ಬರೆದುಕೊಟ್ಟರು. ಮುಲಾಮಿನ ಮೇಲೆ ನಾನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದೆ, ಅದರ ಮೇಲೆ ಗಡಿಯಾರ ಕಟ್ಟಿದೆ. ನನ್ನ ತಪ್ಪನ್ನೂ ಬರೆದುಬಿಡುತ್ತೇನೆ: ಹತ್ತೊಂಬತ್ತು ವರ್ಷ ಪರರ ಬಕಲುಗಳನ್ನು ಬೆಳಕಿಗೆ ಹಿಡಿದವಳು, ನನಗೆ ಬಂದ ಉಡುಗೊರೆಯನ್ನು ಒಮ್ಮೆಯೂ ಹಾಗೆ ಹಿಡಿಯಲಿಲ್ಲ. ಉಡುಗೊರೆಯನ್ನು ಪರೀಕ್ಷಿಸಬಾರದೆಂಬ ಸಂಸ್ಕಾರ.

ಯುಗಾದಿಗೆ ಒಂದು ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಕಾಗದದ ತಟ್ಟೆಗಳ ಮೇಲೆ ತಮ್ಮ ತಮ್ಮ ಜಾಗದಲ್ಲಿ ಬಿದ್ದಿದ್ದವು. ಅನ್ನ ಬಂತು. ನಾನು ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಸೌಟು ಹಿಡಿದು ಹೊರಟೆ. ಎರಡನೆಯ ತಟ್ಟೆಗೆ ಬಗ್ಗಿದಾಗ ಬಳೆ ಹಿಂದೆ ಸರಿಯಿತು, ಗಡಿಯಾರವೂ ಜಾರಿತು. ಅರಿಶಿನ ಬಳಿದ ಕೆಂಪು ಗಂಧೆ ಹೇಗೆ ಕಾಣುತ್ತದೆಂದು ನಾನು ಯೋಚಿಸಿರಲಿಲ್ಲ.

ಅಧ್ಯಕ್ಷರ ಪತ್ನಿ ಎಲ್ಲಿದ್ದರೋ, ಬಂದೇಬಿಟ್ಟರು. “ಅಯ್ಯೋ ಆಂಟಿ, ಏನಿದು ಕೈಗೆ?”

“ಏನೋ ನವೆ. ಮುಲಾಮು ಹಚ್ತಿದ್ದೀನಿ.”

“ಅಲ್ಲ, ಮಕ್ಕಳೆಲ್ಲ ಕೂತಿದ್ದಾರೆ ನೋಡಿ. ಇವತ್ತೊಂದಿನ ರೆಸ್ಟ್ ತಗೊಳ್ಳಿ. ಕೊಡಿ ಇಲ್ಲಿ.”

ಅವರು ಸೌಟನ್ನು ಹಿಡಿದಿದ್ದರು, ನಾನು ಬಿಟ್ಟಿರಲಿಲ್ಲ. ಅಧ್ಯಕ್ಷರು ಪಕ್ಕದಲ್ಲೇ ನಿಂತಿದ್ದರು. ನಾನು ಅವರತ್ತ ತಿರುಗಿದೆ. “ಡಾಕ್ಟ್ರೇ, ನೀವೇ ನೋಡಿ ಹೇಳಿ. ಇದು ಅಂಟೋದಾ?”

ಅವರ ಕೈಗಳು ಜುಬ್ಬದ ಜೇಬಿನಿಂದ ಹೊರಬರಲಿಲ್ಲ. “ಹಬ್ಬದ ದಿನ ಕನ್ಸಲ್ಟೇಷನ್ ಬೇಡ ಅಮ್ಮ. ನಿಮ್ಮ ಜಿ.ಪಿ.ಗೆ ತೋರಿಸಿಬಿಡಿ.”

ಮೂಳೆ ಡಾಕ್ಟರೊಬ್ಬರು ಕುಳಿತಲ್ಲಿಂದಲೇ, “ಮುರಿದಿದ್ರೆ ನಾನು ನೋಡ್ತಿದ್ದೆ!” ಎಂದರು. ಸಾಲಿಗೆ ಸಾಲೇ ನಕ್ಕಿತು. ನಾನು ಸೌಟನ್ನು ಬಿಟ್ಟೆ.

ಅರ್ಧ ಆಸ್ಪತ್ರೆಯೇ ಊಟಕ್ಕೆ ಕುಳಿತಿದ್ದ ಆ ಸಭೆಯಲ್ಲಿ ಒಂದು ಜೊತೆ ಕೈಗವಸು ತಂದುಕೊಡೋಣವೆಂದು ಯಾರಿಗೂ ತೋಚಲಿಲ್ಲ. ನಾನು ಕೋಟುಗಳ ರಾಶಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ನನ್ನ ಸಾರು ಹೋಳಿಗೆಯ ಮೇಲೆ ಹರಿಯುವುದನ್ನು ನೋಡಿದೆ. ಬಡಿಸುತ್ತಿದ್ದ ಹುಡುಗಿಗೆ ಅನ್ನ ಎಲ್ಲಿ, ಸಿಹಿ ಎಲ್ಲಿ ಎಂಬುದೇ ತಿಳಿಯದು. ಅದೂ ನನಗೆ ನೆನಪಿದೆ.

ಆಮೇಲೆ ನಾನು ಹಟ ಹಿಡಿದು ಜಿ.ಪಿ.ಯಿಂದ ಚರ್ಮರೋಗ ವಿಭಾಗಕ್ಕೆ ಪತ್ರ ಬರೆಸಿದೆ. ಸರದಿ ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತಿತ್ತು. ಅಲರ್ಜಿ ತರಬಲ್ಲ ಒಂದೊಂದು ವಸ್ತುವನ್ನು ಸವರಿದ ಪಟ್ಟಿಗಳನ್ನು ಬೆನ್ನಿನ ಮೇಲೆ ಸಾಲುಸಾಲಾಗಿ ಅಂಟಿಸಿ, ಪರೀಕ್ಷೆ ಮುಗಿಯುವವರೆಗೆ ಬೆನ್ನಿಗೆ ನೀರು ತಾಗಿಸಬಾರದೆಂದರು. ಆ ವಾರ ಗೋಡೆಗೆ ಬೆನ್ನುಜ್ಜುವ ಆಸೆಯನ್ನು ತಡೆಯಲು ಮನೆಯೆಲ್ಲ ಓಡಾಡಿದೆ. ಕೊನೆಗೆ ಬೆನ್ನು ನೋಡಿದ ನರ್ಸ್, ಈ ಊರಿನವರು ಎಲ್ಲರನ್ನೂ ಕರೆಯುವಂತೆ ನನ್ನನ್ನೂ ಬ್ಯಾಬ್ ಎಂದು ಕರೆದು ಹೇಳಿದಳು: ನಿಕ್ಕಲ್ ಅಲರ್ಜಿ, ನಿಕ್ಕಲ್ ಇರುವ ಯಾವುದೂ ಮೈಗೆ ತಾಗಬಾರದು, ಇದು ಇನ್ನೊಬ್ಬರಿಗೆ ಹರಡುವುದಿಲ್ಲ, ಹರಡುವುದು ಸಾಧ್ಯವೇ ಇಲ್ಲ. ಕೊನೆಯ ಮಾತನ್ನು ನಾನು ಇನ್ನೊಮ್ಮೆ ಹೇಳಿಸಿದೆ.

ನಿಕ್ಕಲ್ ಪತ್ತೆಹಚ್ಚುವ ದ್ರವ ನಮ್ಮ ಕಾರ್ಖಾನೆಯಲ್ಲಿ ಸದಾ ಇರುತ್ತಿತ್ತು. ಹತ್ತಿಯ ತುದಿಗೆ ಹನಿ ಹಾಕಿ ಲೋಹಕ್ಕೆ ಉಜ್ಜಿದರೆ, ನಿಕ್ಕಲ್ ಹೊರಬರುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ, ಹೆಚ್ಚಿದ್ದರೆ ಕೆಂಪಿಗೆ ತಿರುಗುತ್ತದೆ. ಇನ್ನೂ ಅಲ್ಲಿ ಕೆಲಸದಲ್ಲಿದ್ದ ಹಳೆಯ ಸಹೋದ್ಯೋಗಿಯಿಂದ ಒಂದು ಸೀಸೆ ತರಿಸಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಗಡಿಯಾರವನ್ನು ಮಗುಚಿ ಇಟ್ಟೆ. ಅಂಚಿಗೆ ಉಜ್ಜಿದೆ, ಹತ್ತಿ ಬೆಳ್ಳಗೇ ಇತ್ತು. ಬಕಲಿಗೆ ಉಜ್ಜಿದೆ, ಬೆಳ್ಳಗೆ. ಬೆನ್ನಿನ ನುಣುಪು ಭಾಗಕ್ಕೆ ಉಜ್ಜಿದೆ, ಆಗಲೂ ಬೆಳ್ಳಗೆ. ಕೊನೆಗೆ ಅಕ್ಷರಗಳ ಮೇಲೆ ಉಜ್ಜಿದೆ. ಹತ್ತಿ ದಾಳಿಂಬೆ ಹೂವಿನಂತೆ ಕೆಂಪೇರಿತು. ಆಗ ಎಲ್ಲವೂ ಅರ್ಥವಾಯಿತು. ಬಂಗಾರದ ತೆಳು ಪೊರೆಯ ಕೆಳಗೆ ನಿಕ್ಕಲ್ ಲೇಪವಿತ್ತು. ಎರಡೆರಡು ಬಾರಿ ತೀಡಿದ ಕೆತ್ತನೆ ಪೊರೆಯನ್ನು ಸೀಳಿ ಅದನ್ನು ತೆರೆದಿಟ್ಟಿತ್ತು. ಗಡಿಯಾರದಲ್ಲಿ ದೋಷವಿರಲಿಲ್ಲ. ನನ್ನನ್ನು ಸುಟ್ಟದ್ದು ಹೊಗಳಿಕೆ.

ಆಸ್ಪತ್ರೆಯ ಪತ್ರ, ಹತ್ತಿಯ ಕಡ್ಡಿಗಳು, ಗಡಿಯಾರ ಮೂರನ್ನೂ ತೆಗೆದುಕೊಂಡು ಹಾರ್ಬೋರ್ನ್ ಬಡಾವಣೆಯಲ್ಲಿದ್ದ ಅಧ್ಯಕ್ಷರ ಮನೆಗೆ, ಸಮಿತಿಯ ಸಭೆಗೆ ಹೋದೆ. ಅವರ ಕಣ್ಣೆದುರೇ ಅಕ್ಷರಗಳಿಗೆ ಉಜ್ಜಿ ತೋರಿಸಿದೆ. ಅಧ್ಯಕ್ಷರು ಪತ್ರ ಓದಿ, “ಕ್ಲಾಸಿಕ್ ಕೇಸ್!” ಎಂದು ಬೆರಗಾದರು. ಪತ್ನಿ, “ಬಿಡಿ ಆಂಟಿ, ಅದನ್ನೇ ಮನಸ್ಸಲ್ಲಿ ಇಟ್ಕೋಬೇಡಿ. ಟೈಟಾನಿಯಂದು ಒಂದು ಕೊಡಿಸೋಣ,” ಎಂದರು.

“ನನಗೆ ವಾಚು ಬೇಡಮ್ಮ. ನನ್ನ ಕೈ ಶುದ್ಧವಾಗಿದೆ ಅಂತ ಮುಂದಿನ ಯುಗಾದೀಲಿ ಎಲ್ಲರ ಮುಂದೆ ಒಂದು ಮಾತು ಹೇಳಿ. ಅಷ್ಟೇ.”

“ಖಂಡಿತ ಅಮ್ಮ, ಅದೇನು ದೊಡ್ಡದು?” ಎಂದರು ಅಧ್ಯಕ್ಷರು. ನಡಾವಳಿಯ ಪುಸ್ತಕದಲ್ಲಿ ಅದನ್ನು ಬರೆಯಿರೆಂದು ನಾನು ಕೇಳಿಕೊಂಡೆ. ಕಾರ್ಯದರ್ಶಿ, “ಇತರೆ ವಿಷಯಗಳನ್ನೂ ಚರ್ಚಿಸಲಾಯಿತು,” ಎಂದು ಬರೆದರು.

ಮರುವರ್ಷದ ಯುಗಾದಿಯಲ್ಲಿ ಯಾರು ಏನು ಬಡಿಸಬೇಕೆಂಬ ರೋಟಾದ ಹಾಳೆಯ ಮೇಲೆ ಸಾರಿನ ಎದುರಿಗೆ ನನ್ನ ಹೆಸರಿತ್ತು. ಬರಿಯ ಮಣಿಕಟ್ಟಿನಲ್ಲಿ, ಸೆರಗು ಸಿಕ್ಕಿಸಿ, ನಾನು ಆ ಒಂದು ಮಾತಿಗಾಗಿ ಕಾದೆ. ಪಂಕ್ತಿ ಕುಳಿತಿತು. ಅನ್ನ ಬಂತು. ಹೊರಡಲೇಬೇಕಾಯಿತು. ಐದನೆಯ ತಟ್ಟೆಯ ಮುಂದೆ ಒಬ್ಬ ಎಳೆಯ ತಾಯಿ, ನಾನು ಬಗ್ಗುವ ಮೊದಲೇ ಮಗುವಿನ ಅನ್ನದ ಮೇಲೆ ಅಂಗೈ ಅಡ್ಡ ಹಿಡಿದು, ನಗುತ್ತ, “ಅವನಿಗೆ ಸಾರು ಬೇಡ ಆಂಟಿ,” ಎಂದಳು. ನಾನು ಸಾಲಿನ ಕೊನೆ ಮುಟ್ಟಿ ತಿರುಗಿ ನೋಡಿದಾಗ, ಆ ಮಗು ಬೇರೊಬ್ಬರು ಹಾಕಿದ ಸಾರನ್ನು ಕಲಸಿಕೊಂಡು ಉಣ್ಣುತ್ತಿತ್ತು.

ಅಧ್ಯಕ್ಷರೇ, ಅಂದು ಇಡೀ ಮಧ್ಯಾಹ್ನ ಮೈಕು ನಿಮ್ಮ ಕೈಯಲ್ಲೇ ಇತ್ತು. ದೀಪ ಆರಿಸದೆ ಬಂದ ನೀಲಿ ಕಾರಿನವರನ್ನು ಎರಡು ಸಲ ಕರೆದಿರಿ. ಕಳೆದುಹೋದ ಮಗುವಿನ ಟೋಪಿಯನ್ನು ಎತ್ತಿ ತೋರಿಸಿದಿರಿ. ಹೋಳಿಗೆ ಇನ್ನೂ ಇದೆ, ಸಂಕೋಚ ಬೇಡ ಎಂದಿರಿ. ನನ್ನ ಸೌಟನ್ನು ಎಲ್ಲರೆದುರು ಕಿತ್ತುಕೊಳ್ಳಲು ನಿಮ್ಮವರಿಗೆ ಮೈಕೇ ಬೇಕಾಗಿರಲಿಲ್ಲ. ಅದು ಕೈಯಲ್ಲಿದ್ದೂ ಆ ಒಂದು ಮಾತನ್ನು ಹೇಳದಂತೆ ನಿಮ್ಮನ್ನು ತಡೆದದ್ದು ಏನು?