ಬೆಳ್ಳಿ ಅಂಚಿನ ಸೀರೆ

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ಗಡಿನಾಡಿನ ದೇಲಂಪಾಡಿ ಕಡೆಯವಳು. ಏನೇ ಆಗಲಿ, ಕೂದಲನ್ನು ಕಿವಿಯ ಹಿಂದೆ ಸರಿಸುತ್ತ "ಸಾರ ಇಲ್ಲ ಮಾರಾಯ್ತಿ" ಎನ್ನುತ್ತಿದ್ದಳು; ಅವರ ಕಡೆ ಹಾಗೆಂದರೆ ಪರವಾಗಿಲ್ಲ ಬಿಡು ಎಂದು.

ನಮ್ಮಿಬ್ಬರನ್ನೂ ತಮ್ಮ ಗ್ಯಾಂಗಿಗೆ ಸೇರಿಸಲು ಒಪ್ಪಿದ ಸೀನಿಯರುಗಳು ಬುಧವಾರ, "ವೆಳ್ಳಿ, ಎಲ್ಲರೂ ಸೀರೆ" ಎಂದರು. ಮಲಯಾಳದಲ್ಲಿ ವೆಳ್ಳಿ ಎಂದರೆ ಶುಕ್ರವಾರ. ಅವಳು ಬೆಳ್ಳಿ ಸೀರೆ, ಅದೂ ನಾಳೆಗೇ ಎಂದುಕೊಂಡಳು. ಮರುದಿನವೇ, ನಾನು ಸ್ನಾನ ಮುಗಿಸುವ ಮೊದಲೇ, ಅಮ್ಮನ ಬೆಳ್ಳಿ ಅಂಚಿನ ಸೀರೆ ಉಟ್ಟು ಹೋಗಿ ಚೂಡಿದಾರಗಳ ನಡುವೆ ಒಬ್ಬಳೇ ನಿಂತಿದ್ದಳು.

ಎಲ್ಲರೂ ನಕ್ಕರು. "ಇವಳು ನಿನ್ನ ಫ್ರೆಂಡಾ?" ಎಂದು ಹಿಂದೆಯೇ ಬಂದ ನನ್ನನ್ನು ಸೀನಿಯರುಗಳು ಕೇಳಿದರು.

"ಅಲ್ಲಪ್ಪ, ಬರೀ ರೂಮ್‌ಮೇಟ್" ಎಂದೆ. ಅವಳಿಗೆ ಕೇಳಿಸಿತು.

ಗ್ಯಾಂಗು ಅವಳನ್ನು ಕೈಬಿಟ್ಟಿತು. ಶುಕ್ರವಾರ ನನ್ನ ಸೀರೆಯ ನೆರಿಗೆ ನಿಲ್ಲದಿದ್ದಾಗ ಅವಳೇ ನೆಲದಲ್ಲಿ ಕೂತು ಒಂದೊಂದನ್ನೇ ಸರಿಪಡಿಸಿದಳು.

"ಸಾರಿ ಮಾರಾಯ್ತಿ" ಎಂದೆ.

ಅವಳ ಬಾಯಲ್ಲಿ ಪಿನ್ನಿತ್ತು. ಪಿನ್ನು ತೆಗೆದು ನೆರಿಗೆಗೆ ಚುಚ್ಚಿದ ಮೇಲೂ ಅವಳು "ಸಾರ ಇಲ್ಲ" ಎನ್ನಲಿಲ್ಲ.