ಹುಣಸೆಹಣ್ಣಲ್ಲಿ ತೊಳೆದ ನಾಲ್ಕಾಣೆ

ಗೆಳೆಯರೇ, ನೀವೇ ಹೇಳಿ, ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪೇ?

ಇವತ್ತು ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಶೀನಪ್ಪನ ಹೋಟೆಲಿನಲ್ಲಿ ಕಾಫಿ ಕುಡಿದೆ. ಹಳೆಯ ನಾಣ್ಯ ಕೂಡಿಡುವ ಹುಚ್ಚು ನನಗೆ; ಅವನು ಕೊಟ್ಟ ಚಿಲ್ಲರೆಯನ್ನು ಅಭ್ಯಾಸದಂತೆ ಅಂಗೈ ಮೇಲೆ ಹರಡಿ ನೋಡಿದರೆ, ನಯಾಪೈಸೆಗಳ ನಡುವೆ ಗಡ್ಡದ ರಾಜನ ಬೆಳ್ಳಿ ನಾಲ್ಕಾಣೆ! ಹಳದಿ ಕಲೆ ಹಿಡಿದಿತ್ತು. ಮನೆಗೆ ಓಡಿ, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದೆ.

ಮಧ್ಯಾಹ್ನ ಶೀನಪ್ಪ ತಾಯಿಯನ್ನು ಕರೆದುಕೊಂಡು ಓಡಿಬಂದ.

"ಮೇಷ್ಟ್ರೇ, ಆ ನಾಲ್ಕಾಣೆ ಕೊಡಿ. ಅವ್ವ ದೇವ್ರಿಗೆ ಕಟ್ಟಿಟ್ಟ ಮುಡಿಪು ಅದು. ಗಂಟು ಸಡ್ಲಾಗಿ ಬಿದ್ದಿತ್ತು, ಗೊತ್ತಾಗ್ದೆ ಗಲ್ಲಾಪೆಟ್ಟಿಗೆಗೆ ಹಾಕ್ಬಿಟ್ಟೆ. ಈಗ ನೋಡಿದ್ರೆ ಆಸ್ಪತ್ರೇಲಿ ನಮ್ಮನೆಯವ್ಳಿಗೆ ಹೆರಿಗೆ ಆಗ್ತಾ ಇಲ್ಲ."

ತಕ್ಷಣ ಕೊಟ್ಟೆ. ಅವನ ತಾಯಿ ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಮ್ದಲ್ಲ. ನಮ್ದಕ್ಕೆ ಅರಿಶಿನ ಇತ್ತು. ಬದ್ಲಾಯಿಸಿದ್ರಾ?"

"ಇಲ್ಲಮ್ಮ, ತೊಳೆದೆ."

"ದೇವ್ರ ಹರಕೆ ತೊಳೆದ್ರಾ?"

ಬೀದಿಯವರೆಲ್ಲ ಸೇರಿದರು. ಯಾರೂ ನನ್ನ ಪರ ಮಾತಾಡಲಿಲ್ಲ. ಆಕೆ ಸೊಂಟದಿಂದ ಅರಿಶಿನದ ಬಟ್ಟೆ ತೆಗೆದು ನನ್ನ ಕೈಗಿಟ್ಟರು.

"ತೊಳೆದವ್ರು ನೀವು, ನೀವೇ ಬೇಡ್ಕೊಂಡು ಕಟ್ಟಿ. ಗಟ್ಟಿಯಾಗಿ ಹೇಳಿ."

ಮದುವೆಯೇ ಆಗದ ನಾನು ನಡುಬೀದಿಯಲ್ಲಿ ನಿಂತು, ಶೀನಪ್ಪನ ಹೆಂಡತಿಗೆ ಸುಖಪ್ರಸವವಾಗಲಿ ಎಂದು ಕೂಗಿ ನಾಲ್ಕಾಣೆಯನ್ನು ಬಟ್ಟೆಯಲ್ಲಿಟ್ಟು ಗಂಟು ಹಾಕಿದೆ.

ಸಂಜೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಈಗ ಬೀದಿಯ ಇನ್ನಿಬ್ಬರು ಬಸುರಿಯರ ಅತ್ತೆಯಂದಿರು ಅರಿಶಿನದ ಬಟ್ಟೆ ಹಿಡಿದು ನನ್ನ ಜಗುಲಿಯಲ್ಲಿ ಕೂತಿದ್ದಾರೆ. ತಂದಿರುವ ನಾಣ್ಯಗಳನ್ನು ನೋಡಿದೆ. ಎರಡೂ ಹೊಸವು. ಒಂದರಲ್ಲೂ ರಾಜನಿಲ್ಲ!